ಒಣಗಿದರೆ ಕಹಿ ಹೋಗುತ್ತದೆ

ಗೋದಲಿಯ ಮೂಲೆಯಲ್ಲಿ ಬಿದ್ದಿದ್ದ ಆ ಎಲೆಯನ್ನು ಅವನು ಮುಖ ತೊಳೆಯುವುದಕ್ಕೂ ಮೊದಲೇ ನೋಡಿದ. ನೋಡಿದ ಎನ್ನುವುದಕ್ಕಿಂತ ಕಣ್ಣಿಗೆ ಬಿತ್ತು ಎನ್ನಬೇಕು. ನೋಡಲೆಂದು ಅವನೇನೂ ಅಲ್ಲಿಗೆ ಹೋಗಿರಲಿಲ್ಲ. ಹಿತ್ತಲ ನಲ್ಲಿಯ ಕೆಳಗೆ ಬಕೆಟ್ಟು ಇಟ್ಟು, ಅದು ತುಂಬುವ ತನಕ ಸುಮ್ಮನೆ ನಿಲ್ಲಲಾರದೆ ಲಾಯದ ಕಡೆ ನಾಲ್ಕು ಹೆಜ್ಜೆ ಹಾಕಿದ್ದ, ಅಷ್ಟೆ. ದಿನವೂ ಅವನ ಚಪ್ಪಲಿಯ ಸದ್ದಿಗೇ ಕಿವಿ ನಿಮಿರಿಸಿ, ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿದ್ದೆ ಎನ್ನುವ ಹಾಗೆ ಮೂಗಿನಲ್ಲಿ ಗುಟುರು ಹಾಕುತ್ತಿದ್ದ ಕುದುರೆ ಇವತ್ತು ಗೋಡೆಗೆ ಮುಖ ಮಾಡಿ ನಿಂತಿತ್ತು. ಕುತ್ತಿಗೆಯೆಲ್ಲ ಬೆವತು ಬೂದು ಕೂದಲು ಗಂಟುಗಂಟಾಗಿ ಮೈಗೆ ಅಂಟಿತ್ತು. ಇಷ್ಟು ತಣ್ಣಗಿನ ಬೆಳಗಿನಲ್ಲಿ ಕುದುರೆ ಬೆವರುವುದೆಂದರೇನು ಎಂದುಕೊಳ್ಳುತ್ತ ಗೋದಲಿಯೊಳಗೆ ಕೈಯಾಡಿಸಿದವನಿಗೆ, ಅರ್ಧ ತಿಂದು ಬಿಟ್ಟ ಒಣಹುಲ್ಲಿನ ನಡುವೆ ಅದು ಸಿಕ್ಕಿತು. ಉದ್ದಕ್ಕೆ, ಸಪೂರಾಗಿ, ಎರಡೂ ತುದಿ ಚೂಪಾಗಿ, ನಡುವೆ ಒಂದೇ ಒಂದು ಬಿಳಿಚಿದ ನರ ನೆಟ್ಟಗೆ ಎಳೆದಿಟ್ಟಿದ್ದ ಎಲೆ. ಒಣಗಿ ಕಂದಾಗಿತ್ತು. ಬೇರೆಯವರಾದರೆ ಇದ್ಯಾವುದೋ ಕಸ ಎಂದು ಬಿಸಾಡಿ ಚಹಾ ಕುಡಿಯಲು ಹೋಗುತ್ತಿದ್ದರು. ಅವನಿಗೆ ಆ ಪುಣ್ಯವಿರಲಿಲ್ಲ. ಊರಿನ ದೊಡ್ಡ ಪಾರ್ಕಿನಲ್ಲಿ ಗಿಡ ನೋಡಿಕೊಳ್ಳುವ ಕೆಲಸದಲ್ಲೇ ತಲೆಕೂದಲು ಬೆಳ್ಳಗಾಗಿಸಿಕೊಂಡವನು. ಕಣಗಿಲೆಯನ್ನು ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ಹೇಳಬಲ್ಲ. ಹೊಟ್ಟೆಗೆ ಹೋದರೆ ಕುದುರೆ ಉಳಿಯದ ವಿಷ ಅದು. "ನೀರು ಹರಿದು ಹೋಗ್ತಿದೆ, ಕಿವಿ ಕೇಳಿಸಲ್ವಾ?" ಎಂದು ಒಳಗಿನಿಂದ ಅತ್ತಿಗೆ ಕೂಗಿದಳು. "ನಿಲ್ಲಿಸ್ದೆ ಅತ್ತಿಗೆ," ಎಂದು ಅಲ್ಲಿಂದಲೇ ಹೇಳಿ, ಎಲೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೋಗಿ ನಲ್ಲಿ ತಿರುಗಿಸಿದ.

ತಿರುಗಿಸಿದ ಮೇಲೆ ಯೋಚನೆ ಬಂತು: ಜೇಬಿಗೆ ಯಾಕೆ ಹಾಕಿಕೊಂಡೆ? ಅಣ್ಣನನ್ನು ಕೂಗಬಹುದಿತ್ತಲ್ಲ. ಒಂದು ಎಲೆ ಗೋದಲಿಯಲ್ಲಿ ಉಳಿದಿದೆ ಎಂದ ಮಾತ್ರಕ್ಕೆ ಬೇರೆ ಎಲೆಗಳು ಹೊಟ್ಟೆಗೆ ಹೋಗಿವೆ ಎಂದೇನಿಲ್ಲ. ಬಂದದ್ದೇ ಒಂದಿರಬಹುದು. ಗಾಳಿಗೆ ಹಾರಿ ಬಂದಿರಬಹುದು. ಆದರೆ ಸುತ್ತಮುತ್ತ ಎಲ್ಲೂ ಕಣಗಿಲೆಯಿಲ್ಲ ಎನ್ನುವುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈ ಹಿತ್ತಲಿನಲ್ಲಿ ಕಣಗಿಲೆ, ಹರಳು, ಉಮ್ಮತ್ತಿ ಒಂದೂ ತಲೆಯೆತ್ತದಂತೆ ಕಿತ್ತು ಹಾಕುತ್ತ ಬಂದವನು ಅವನೇ. ಅತ್ತಿಗೆ ಆಸೆಪಟ್ಟು ತಂದು ನೆಟ್ಟಿದ್ದ ಕೆಂಪು ಹೂವಿನ ಕಡ್ಡಿಯನ್ನೂ ಬಿಟ್ಟಿರಲಿಲ್ಲ. "ಕುದುರೆಗಿರೋ ಮರ್ಯಾದೆ ಈ ಮನೇಲಿ ನನಗಿಲ್ಲ" ಎಂದು ಅವಳು ಎರಡು ದಿನ ಮುಖ ಊದಿಸಿಕೊಂಡು ಓಡಾಡಿದ್ದಳು, ಅಣ್ಣ ಮಾತ್ರ "ಅವನು ಬೇಡ ಅಂದ್ರೆ ಬೇಡ, ಗಿಡದ ವಿಷಯದಲ್ಲಿ ಅವನ ಮಾತೇ ಕೊನೆ" ಎಂದು ತೀರ್ಪು ಕೊಟ್ಟಿದ್ದ. ಮದುವೆಯಾಗದೆ, ಸ್ವಂತ ಮನೆ ಮಾಡದೆ, ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಮಂಚ ಹಾಕಿಕೊಂಡಿರುವವನಿಗೆ ಯಾವ ವಿಷಯದಲ್ಲಾದರೂ ಕೊನೆಯ ಮಾತು ಸಿಗುವುದೆಂದರೆ ಸಣ್ಣದೇನಲ್ಲ. ಅವತ್ತು ಅವನು ಒಂದು ತುತ್ತು ಹೆಚ್ಚೇ ಊಟ ಮಾಡಿದ್ದ.

ಈ ಎಲೆ ಎಲ್ಲಿಂದ ಬಂತು ಎನ್ನುವುದೂ ಗೊತ್ತಿತ್ತು, ಅದನ್ನೇ ಮನಸ್ಸು ಸುತ್ತಿಬಳಸಿ ಮುಟ್ಟದೆ ಓಡಾಡುತ್ತಿತ್ತು. ಪಾರ್ಕಿನ ರಸ್ತೆ ಬದಿಗೆ ಆಳೆತ್ತರದ ಕಣಗಿಲೆ ಬೇಲಿ, ಅದರ ಬುಡಕ್ಕೆ ಹುಲ್ಲುಹಾಸು. ಯಾವಾಗಲೂ ಮೊದಲು ಹುಲ್ಲು ಕತ್ತರಿಸಿ, ಅಲ್ಲೇ ಬಿಸಿಲಿಗೆ ಒಣಗಿಸಿ, ಹೊರೆ ಕಟ್ಟಿ ಮನೆಗೆ ಸಾಗಿಸಿದ ಮೇಲೆಯೇ ಬೇಲಿಗೆ ಕತ್ತರಿ ಹಾಕುತ್ತಿದ್ದ. ಇದು ಯಾರೂ ಹೇಳಿಕೊಟ್ಟದ್ದಲ್ಲ, ಕುದುರೆಯ ಮನೆಯವನಾದ್ದರಿಂದ ತಾನೇ ಮಾಡಿಕೊಂಡ ಕ್ರಮ. ಹೋದ ವಾರ ಮೇಸ್ತ್ರಿ ಬಂದು, ಯಾರೋ ದೊಡ್ಡವರು ಬರುತ್ತಾರೆ, ಮೊದಲು ಬೇಲಿ ಸರಿಮಾಡು ಎಂದ. ಹುಲ್ಲು ಮೊದಲಾಗಲಿ ಎಂದು ಇವನು ಮೆಲ್ಲಗೆ ಹೇಳಿದ್ದಕ್ಕೆ, "ಹುಲ್ಲು ನಿಮ್ಮನೆ ಕುದುರೆಗಯ್ಯ, ಬೇಲಿ ಸರ್ಕಾರದ್ದು. ನೀನು ಸಂಬಳ ತಗೊಳ್ಳೋದು ಯಾರ ಹತ್ರ?" ಎಂದ. ನೀರು ಹಾಯಿಸುವ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಬೇಲಿ ಕತ್ತರಿಸಿದ, ಸೊಪ್ಪನ್ನು ಗುಂಡಿಯಲ್ಲಿ ಹೂತ, ಹುಲ್ಲಿನ ಮೇಲೆ ಪೊರಕೆ ಆಡಿಸಿದ. ಮಾರನೆಯ ದಿನ ಹುಲ್ಲು ಕತ್ತರಿಸುವಾಗ ಪೊರಕೆಗೆ ಸಿಗದ ಎಲೆಗಳು ಅಲ್ಲಲ್ಲಿ ಹುಲ್ಲಿನ ಬುಡದಲ್ಲಿ ಸಿಕ್ಕಿಕೊಂಡಿದ್ದು ಕಾಣಿಸಿತ್ತು. ಕಾಣಿಸಿತ್ತು. ಕೂತು ಕೈಯಿಂದ ಆರಿಸಬೇಕಿತ್ತು. ಬಿಸಿಲು ನೆತ್ತಿಗೆ ಬಂದಿತ್ತು, ಸೊಂಟ ಹಿಡಿದುಕೊಂಡಿತ್ತು, ಅಷ್ಟೇ ಆಗಿದ್ದರೆ ಆರಿಸುತ್ತಿದ್ದನೋ ಏನೋ. ಅವತ್ತು ಬೆಳಿಗ್ಗೆ ಅತ್ತಿಗೆ ಯಾರೊಡನೆಯೋ ಬಾಗಿಲಲ್ಲಿ ನಿಂತು ಹೇಳುತ್ತಿದ್ದಳು: "ಇರ್ಲಿ ಬಿಡಿ, ಹುಲ್ಲಾದ್ರೂ ತರ್ತಾನಲ್ಲ." ಆ 'ಆದ್ರೂ' ಇವನ ಕಿವಿಯಲ್ಲಿ ಇಡೀ ದಿನ ಕೂತಿತ್ತು. ತರ್ತೀನಿ ತಗೊಳ್ಳಿ, ಇದನ್ನೇ ತರ್ತೀನಿ ಎಂದು ಬಾಚಿ ಹರಡಿದ್ದ. ಕೆಡುಕು ಬಯಸಿ ಅಲ್ಲ. ಕುದುರೆಯ ನೆನಪೇ ಆಗ ಇರಲಿಲ್ಲ, ನೆನಪಿದ್ದದ್ದು ಆ ಮಾತು ಮಾತ್ರ.

"ದೊರೆಸಾನಿ ಯಾಕೋ ಮುನಿಸ್ಕೊಂಡಿದ್ದಾಳೆ" ಎನ್ನುತ್ತ ಅಣ್ಣ ಹಿತ್ತಲಿಗೆ ಬಂದ. ಕುದುರೆಗೆ ಆ ಹೆಸರಿಟ್ಟವನು ಅಣ್ಣನೇ. ಕೆರೆಯ ಸುತ್ತ ಜನರನ್ನು ಕೂರಿಸಿಕೊಂಡು ಸಾರೋಟು ಎಳೆಯುವ ಕುದುರೆಗಳಲ್ಲಿ ಹೀಗೆ ಕತ್ತೆತ್ತಿ, ಹಿಂದೆ ಕೂತವರು ತನ್ನ ಆಳುಗಳು ಎನ್ನುವ ಹಾಗೆ ನಡೆಯುವುದು ಇದೊಂದೇ ಎಂದು ಅವನ ಹೆಮ್ಮೆ. ಅಣ್ಣ ಅದರ ಕಿವಿ ಮುಟ್ಟಿದ, ಮತ್ತೆ ಮುಟ್ಟಿದ. ನಗು ಅವನ ಮುಖದಿಂದ ಒಂದೇ ಸಲ ಹೋಗಲಿಲ್ಲ, ಮೊದಲು ಕಣ್ಣಿನಿಂದ ಹೋಯಿತು, ಬಾಯಲ್ಲಿ ಸ್ವಲ್ಪ ಹೊತ್ತು ಹಾಗೇ ಉಳಿದಿತ್ತು. "ಕಿವಿ ಐಸಾಗಿದೆ ಕಣೋ. ಮುಟ್ಟಿ ನೋಡು." ಇವನು ಮುಟ್ಟಿದ. ತಣ್ಣಗಿತ್ತು. "ಡಾಕ್ಟರನ್ನ ಕರೀತೀನಿ" ಎಂದು ಅಣ್ಣ ಚಪ್ಪಲಿಯನ್ನೂ ಮೆಟ್ಟದೆ ಹೊರಟ. ಆಗ ಹೇಳಬಹುದಿತ್ತು. ಹೇಳಲು ಬಾಯಿ ತೆರೆದನೋ ಇಲ್ಲವೋ ಇವನಿಗೇ ಖಾತ್ರಿಯಿಲ್ಲ. ಅಣ್ಣ ಅಷ್ಟರಲ್ಲಿ ಬೀದಿಯಲ್ಲಿದ್ದ. ಡಾಕ್ಟರು ಬಂದಾಗ ಹೇಳಿದರಾಯಿತು, ಅವರಿಗೆ ಹೇಳಿದರೇ ಉಪಯೋಗ, ಅಣ್ಣನಿಗೆ ಈಗಲೇ ಹೇಳಿ ಗಾಬರಿಪಡಿಸುವುದೇಕೆ ಎಂದು ತೀರ್ಮಾನಿಸಿ ಅವನು ಸ್ವಲ್ಪ ಹಗುರಾದ. ಗೋದಲಿಯ ಹುಲ್ಲನ್ನೆಲ್ಲ ಬಾಚಿ ಗೋಣಿಗೆ ತುಂಬಿ ಮೂಲೆಗಿಟ್ಟ. ಅದರಲ್ಲಿ ಇನ್ನೂ ಎಷ್ಟು ಎಲೆಗಳಿವೆಯೆಂದು ನೋಡಲಿಲ್ಲ. ಅಟ್ಟದ ಮೇಲೆ ಅದೇ ಹುಲ್ಲಿನ ಇನ್ನೊಂದು ಹೊರೆ ಕಟ್ಟಿದ ಹಾಗೇ ಇತ್ತು.

ದನದ ಡಾಕ್ಟರು ಕನ್ನಡಕ ಹಣೆಗೇರಿಸಿಕೊಂಡು, ಕುದುರೆಯ ಮುಂಗಾಲ ಹಿಂದೆ ಸ್ಟೆತಸ್ಕೋಪು ಇಟ್ಟು ತುಂಬಾ ಹೊತ್ತು ಕೇಳಿದರು. ಕೇಳಿ ಮುಗಿಸಿ ಮತ್ತೆ ಇಟ್ಟರು. "ಹೊಟ್ಟೆನೋವು ಅನ್ನಿಸುತ್ತೆ. ಆದ್ರೆ ಎದೆಬಡಿತ ಯಾಕೋ ತಪ್ಪಿ ತಪ್ಪಿ ಹೊಡೀತಿದೆ. ಏನು ಹಾಕ್ತೀರಿ ತಿನ್ನೋಕೆ?" ಬೂಸಾ, ಹುಲ್ಲು ಎಂದ ಅಣ್ಣ. "ಹೊರಗೆ ಎಲ್ಲಾದ್ರೂ ಬೇಲಿಗೆ ಬಾಯಿ ಹಾಕಿದ್ಯಾ? ಗಿಡಗಂಟಿ ಏನಾದ್ರೂ?" ಅಣ್ಣ ನೆಟ್ಟಗಾದ. ಕುದುರೆ ಆ ಸ್ಥಿತಿಯಲ್ಲಿದ್ದಾಗಲೂ ಅವನ ದನಿಯಲ್ಲಿ ಒಂದು ಬಿಗುವು ಬಂದದ್ದು ಇವನಿಗೆ ಕೇಳಿಸಿತು. "ಅಂಥದ್ದೆಲ್ಲ ನಮ್ಮಲ್ಲಿ ಆಗಲ್ಲ ಡಾಕ್ಟ್ರೇ. ಇವನು ನನ್ನ ತಮ್ಮ, ಪಾರ್ಕಲ್ಲಿರೋದು. ಯಾವ ಗಿಡ ಕುದುರೆಗೆ ಆಗಲ್ಲ ಅಂತ ಊರಿನ ಗಾಡಿಯವರಿಗೆಲ್ಲ ಹೇಳಿಕೊಟ್ಟೋನೇ ಇವನು. ಹುಲ್ಲು ತರೋದೂ ಇವನೇ." ಡಾಕ್ಟರು ಕನ್ನಡಕ ಇಳಿಸಿ ಇವನ ಕಡೆ ತಿರುಗಿದರು. ಆ ನೋಟದಲ್ಲಿ ಅನುಮಾನವೇನೂ ಇರಲಿಲ್ಲ. ಒಬ್ಬ ತಿಳಿದವನು ಇನ್ನೊಬ್ಬ ತಿಳಿದವನನ್ನು ಕೇಳುವ ಸಲಿಗೆಯಿತ್ತು. "ಹುಲ್ಲಲ್ಲಿ ಬೇರೆ ಏನೂ ಸೇರಿಲ್ಲ ತಾನೆ? ಯಾಕಂದ್ರೆ ವಿಷ ಆಗಿದ್ರೆ ಮೊದಲು ಇದ್ದಿಲಪುಡಿ ಕುಡಿಸಬೇಕು, ಅದೂ ಬೇಗ. ಸುಮ್ಮನೆ ಕುಡಿಸಿದ್ರೆ ಈ ಹೊಟ್ಟೆನೋವಲ್ಲಿ ಕಷ್ಟ." ಜೇಬಿನಲ್ಲಿ ಎಲೆಯಿತ್ತು. ತೆಗೆದು ಅವರ ಅಂಗೈ ಮೇಲೆ ಇಟ್ಟರೆ ಮಾತೇ ಬೇಕಿರಲಿಲ್ಲ. ಅಣ್ಣ ಇವನ ಮುಖ ನೋಡುತ್ತಿದ್ದ, ಪರೀಕ್ಷೆಯಲ್ಲಿ ಮಗ ಉತ್ತರ ಹೇಳುವುದನ್ನು ಕಾಯುವ ಅಪ್ಪನ ಹಾಗೆ. "ಇಲ್ಲ" ಎಂದ ಇವನು. ದನಿ ತನ್ನದಲ್ಲವೆನ್ನುವಷ್ಟು ಸಲೀಸಾಗಿ ಬಂತು. ಡಾಕ್ಟರು ತಲೆಯಾಡಿಸಿ ನೋವಿನ ಇಂಜೆಕ್ಷನ್ ಕೊಟ್ಟು, ಚೀಟಿ ಬರೆದು, ಸಂಜೆ ಬರುತ್ತೇನೆಂದು ಹೋದರು.

ಅಣ್ಣ ಔಷಧಿಯಂಗಡಿಗೆ ಹೋದ. ಹೋಗುವಾಗ "ನೀನಿದ್ದೀಯಲ್ಲ, ನಂಗೆ ಧೈರ್ಯ" ಎಂದ. ಹೀಗೆಲ್ಲ ಮಾತಾಡುವವನಲ್ಲ ಅವನು. ಹಿತ್ತಲ ಬಾಗಿಲ ಪಕ್ಕದಲ್ಲಿ ಇದ್ದಿಲ ಚೀಲ ಗೋಡೆಗೊರಗಿ ನಿಂತಿತ್ತು. ಅತ್ತಿಗೆ ನಾಲ್ಕು ಮನೆಯ ಬಟ್ಟೆ ಇಸ್ತ್ರಿ ಮಾಡಿಕೊಡುತ್ತಾಳೆ, ಅವಳ ಪೆಟ್ಟಿಗೆಗೆ ಬೇಕಾದ ಇದ್ದಿಲು ಯಾವಾಗಲೂ ಅಲ್ಲಿರುತ್ತದೆ. ದಿನಾ ಎಡವುವ ಚೀಲ. ಅವನು ಒಂದು ಹಿಡಿ ತೆಗೆದು ಕಲ್ಲಿನ ಮೇಲೆ ಕುಟ್ಟಿದ. ಬೇಗ ಎಂದಿದ್ದರು, ಎಷ್ಟು ಬೇಗ ಎಂದು ಕೇಳಲಿಲ್ಲ. ಕೇಳಿದ್ದರೆ ಯಾಕೆ ಕೇಳಿದೆ ಎನ್ನುತ್ತಿದ್ದರು. ಪುಡಿಯನ್ನು ಬಕೆಟ್ಟಿನ ನೀರಿಗೆ ಕಲಸಿ ಕುದುರೆಯ ಮೂತಿಗೆ ಹಿಡಿದ. ಅದು ಮೂಸಲೂ ಇಲ್ಲ. ಕಡಿವಾಣ ಹಾಕುವಾಗಿನಂತೆ ಬಾಯಿಯ ಬದಿಗೆ ಬೆರಳು ತೂರಿಸಿ, ಚೊಂಬಿನಿಂದ ಒಳಗೆ ಹುಯ್ದ. ಹುಯ್ದದ್ದೆಲ್ಲ ಇನ್ನೊಂದು ಬದಿಯಿಂದ ಕಪ್ಪಗೆ ಸುರಿದು ಅವನ ಅಂಗಿ, ಕುದುರೆಯ ಎದೆ, ನೆಲ ಎಲ್ಲ ಕಪ್ಪಾಯಿತು. ಡಾಕ್ಟರ ಚೀಲದಲ್ಲಿ ಮೂಗಿನಿಂದ ಹೊಟ್ಟೆಗೆ ಇಳಿಸುವ ಕೊಳವೆ ಇರುತ್ತದೆ, ಅದು ಈಗ ಯಾವ ಬೀದಿಯಲ್ಲಿದೆಯೋ. "ಕುಡಿಯೇ, ಕುಡಿಯೇ ನನ್ನವ್ವ" ಎಂದು ಅವನು ಗೋಗರೆದ. ಕುದುರೆ ಅವನನ್ನು ನೋಡುತ್ತಿತ್ತು. ಮನುಷ್ಯರು ನೋಡಿದರೆ ಅದರಲ್ಲೊಂದು ಆರೋಪವೋ ದಯೆಯೋ ಏನಾದರೂ ಇರುತ್ತದೆ. ಇದು ಬರೀ ನೋಡುತ್ತಿತ್ತು. ಅದೇ ಹೊತ್ತಿಗೆ ಅಣ್ಣ ಬಂದ. ಬಕೆಟ್ಟು ನೋಡಿದ, ಕಪ್ಪು ಕೈ ನೋಡಿದ. "ಏನಿದು? ಡಾಕ್ಟ್ರು ವಿಷ ಆಗಿದ್ರೆ ಮಾತ್ರ ಅಂದ್ರಲ್ಲ?" "ಹೊಟ್ಟೆಗೂ ಒಳ್ಳೇದು ಅಂತ ಯಾರೋ ಹೇಳಿದ್ರು" ಎಂದ ಇವನು. ಅಣ್ಣ ಹೆಗಲ ಮೇಲಿನ ಟವೆಲ್ಲು ತೆಗೆದು ಮೊದಲು ಕುದುರೆಯ ಬಾಯಿ ಒರೆಸಿದ, ಆಮೇಲೆ ಅದನ್ನೇ ಇವನ ಕೈಗೆ ಕೊಟ್ಟ. "ಒರೆಸ್ಕೋ. ಪಾಪ, ನೀನೂ ಒದ್ದಾಡ್ತಿದ್ದೀಯ." ಬೈದಿದ್ದರೆ, ಒಂದು ಏಟು ಹಾಕಿದ್ದರೆ, ಎಲ್ಲ ಹೊರಗೆ ಬೀಳುತ್ತಿತ್ತು ಎಂದು ಅವನಿಗೆ ಅನ್ನಿಸಿತು. ಬೀಳುತ್ತಿರಲಿಲ್ಲ ಎಂದೂ ಅನ್ನಿಸಿತು.

ಕೆಲಸಕ್ಕೆ ಬರುವುದಿಲ್ಲ ಎಂದು ಮೇಸ್ತ್ರಿಗೆ ಹೇಳಿ ಬರುವ ನೆಪದಲ್ಲಿ ಅವನು ಮಧ್ಯಾಹ್ನ ಮನೆಯಿಂದ ಹೊರಬಿದ್ದ. ದಾರಿಯುದ್ದಕ್ಕೂ ಕಾಲು ಹಗುರಾಗಿ ಹೋಗುತ್ತಿರುವುದು ಅವನಿಗೇ ನಾಚಿಕೆ ತಂದಿತು. ಡಾಕ್ಟರ ಆಸ್ಪತ್ರೆ ಪಾರ್ಕಿನ ಎದುರಿಗೇ ಇದೆ, ಅಲ್ಲಿಗೆ ಹೋಗಿ, ಅಣ್ಣನಿಲ್ಲದ ಕಡೆ, ಹೇಳಿಬಿಡುವುದು ಎಂದು ಹೊರಟಿದ್ದ. ಬಾಗಿಲು ಮುಂದೆ ಮಾಡಿತ್ತು, ಊಟಕ್ಕೆ ಹೋಗಿದ್ದಾರೆ ಎಂದು ಒಳಗಿಂದ ಯಾರೋ ಹೇಳಿದರು. "ಅರ್ಜೆಂಟಾ?" "ಇಲ್ಲ, ಆಮೇಲೆ ಬರ್ತೀನಿ." ಎರಡನೆಯ ಇಲ್ಲ ಮೊದಲನೆಯದಕ್ಕಿಂತ ಸುಲಭವಾಗಿ ಬಂತು. ಪಾರ್ಕಿನೊಳಗೆ ಬೇಲಿ ಗೋಡೆಯಂತೆ ಸಮವಾಗಿ ನಿಂತಿತ್ತು, ಬಂದ ದೊಡ್ಡವರು ಮೆಚ್ಚಿಕೊಂಡು ಹೋದರಂತೆ. ಕತ್ತರಿಸಿದ ಕಡೆ ಆಗಲೇ ಎಳೆ ಚಿಗುರು ಇಣುಕುತ್ತಿತ್ತು. ಬೇಲಿಯ ನಡುವೆ ತಗಡಿನ ಹಲಗೆ: 'ವಿಷದ ಗಿಡ. ಕುದುರೆಗಳನ್ನು ಇಲ್ಲಿ ನಿಲ್ಲಿಸಬಾರದು.' ಅಕ್ಷರ ಬರೆದವನು ಅವನೇ. 'ಬಾರದು' ಹಲಗೆಯಲ್ಲಿ ಹಿಡಿಸದೆ ಕೊನೆಗೆ ಸಣ್ಣದಾಗಿ ಹೋಗಿತ್ತು. ಹಲಗೆ ನೆಟ್ಟ ದಿನ ಗಾಡಿಯವರನ್ನೆಲ್ಲ ಇಲ್ಲೇ ಸೇರಿಸಿ ಅವನ ಕೈಯಲ್ಲಿ ಮಾತಾಡಿಸಿದ್ದರು. ಹುಟ್ಟಿದಂದಿನಿಂದ ನಾಲ್ಕು ಜನರ ಮುಂದೆ ನಿಂತು ಮಾತಾಡದವನು. ಒಂದು ಹಸಿರು ರೆಂಬೆ ಹಿಡಿದು ಹೇಳಿದ್ದ: "ಹಸಿಯಾಗಿದ್ರೆ ಕಹಿ, ಕುದುರೆ ಮೂಸಿ ಬಿಟ್ಟುಬಿಡುತ್ತೆ. ಒಣಗಿದ್ರೆ ಕಹಿ ಹೋಗುತ್ತೆ, ವಿಷ ಹೋಗಲ್ಲ. ಹುಲ್ಲಲ್ಲಿ ಸೇರಿದ್ರೆ ಗೊತ್ತೇ ಆಗಲ್ಲ, ತಿಂದುಬಿಡುತ್ತೆ. ಸುಡಬೇಡಿ, ಹೊಗೇನೂ ಕೆಟ್ಟದ್ದು. ಹೂತುಬಿಡಿ." ಅಣ್ಣನ ಬೀದಿಯಲ್ಲೇ ಇರುವ ಗಾಡಿಯವನು, ಎಲ್ಲರೂ ಮೀಸೆ ಎಂದೇ ಕರೆಯುವವನು, "ವಿಷದ ಪಂಡಿತರಿಗೆ ಜೈ" ಎಂದು ಕೂಗಿದಾಗ ಎಲ್ಲ ನಕ್ಕಿದ್ದರು. ಅಣ್ಣ ಮಾತ್ರ ನಗದೆ, ಮುಂದಿನ ಸಾಲಿನಲ್ಲಿ ಎದೆ ಸೆಟೆಸಿ ಕೂತಿದ್ದ. ಅವತ್ತಿನಿಂದ ಬೀದಿಯಲ್ಲಿ ಯಾರು ಸಿಕ್ಕರೂ "ಗಿಡದ ವಿಷಯ ನನ್ನ ತಮ್ಮನ್ನ ಕೇಳಿ" ಎನ್ನುತ್ತಿದ್ದ. ತನ್ನ ಬದುಕಿನಲ್ಲಿ ತಾನು ತಿಳಿದು ಹೇಳಿದ ಒಂದೇ ಒಂದು ಮಾತು ಇದು, ಅದನ್ನೇ ತನ್ನ ಕೈಯಾರೆ ನಿಜ ಮಾಡಿಕೊಂಡೆನಲ್ಲ ಎಂದು ಅವನು ಹಲಗೆಯ ಮುಂದೆ ಕೂತುಬಿಟ್ಟ. ಮೇಸ್ತ್ರಿ ದೂರದಿಂದ ನೋಡಿ, "ಏನಯ್ಯ, ರಜಾ ಕೇಳೋಕೆ ಬಂದೋನು ಇಲ್ಲೇ ನಿದ್ದೆ ಮಾಡ್ತೀಯಾ?" ಎಂದ. ಎದ್ದು ನಕ್ಕ. ನಕ್ಕದ್ದು ಯಾಕೆಂದು ಮನೆ ಮುಟ್ಟುವ ತನಕ ಯೋಚಿಸಿದ.

ಮನೆಯಲ್ಲಿ ಕುದುರೆ ಮಲಗಿತ್ತು. ಕುದುರೆ ಮಲಗಿದರೆ ಲಾಯ ಇಷ್ಟು ಚಿಕ್ಕದಾಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಕಾಲುಗಳು ಬಾಗಿಲಿನಿಂದ ಹೊರಗೆ ಚಾಚಿದ್ದವು, ಅಣ್ಣ ಅದರ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಗೋಡೆಗೆ ಒರಗಿ ಕೂತಿದ್ದ. ಅತ್ತಿಗೆ ಇಸ್ತ್ರಿ ಬಿಟ್ಟು ಬಂದು, ಒದ್ದೆ ಬಟ್ಟೆಯಿಂದ ಅದರ ಹೊಟ್ಟೆ ಒರೆಸುತ್ತಿದ್ದಳು. ಇವನನ್ನು ನೋಡಿ "ಎಲ್ಲಿಗೆ ಹೋಗಿದ್ದೆ? ಆಗಿನಿಂದ ನಿನ್ನನ್ನೇ ಕೇಳ್ತಿದ್ದಾರೆ. ಊಟಾನೂ ಮಾಡಿಲ್ಲ ನೀನು" ಎಂದಳು. ಅವಳ ಕಣ್ಣು ಕೆಂಪಗಿತ್ತು. ತನ್ನ ಹೂವಿನ ಗಿಡ ಕೀಳುವುದಕ್ಕೆ ಕಾರಣವಾದ ಕುದುರೆಗೆ ಇವಳೂ ಅಳುತ್ತಾಳೆ, 'ಆದ್ರೂ' ಎಂದ ಬಾಯಿ ಇದೇ. ಅದೊಂದು ಮಾತನ್ನು ಅವನು ಎಷ್ಟು ದೊಡ್ಡದು ಮಾಡಿಕೊಂಡಿದ್ದ! ಅವಳಿಗೆ ಅದು ನೆನಪೂ ಇರಲಾರದು. ಅವನು ಕುದುರೆಯ ಬೆನ್ನ ಹಿಂದೆ ಕೂತು ಕೈ ಇಟ್ಟ. ಅಂಗೈ ಕೆಳಗೆ ಎದೆ ಹೊಡೆದುಕೊಳ್ಳುತ್ತಿತ್ತು: ಒಂದಿಷ್ಟು ಬಡಿತ, ಆಮೇಲೆ ಏನೂ ಇಲ್ಲ, ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ಗಾಬರಿಬಿದ್ದ ಹಾಗೆ ಮತ್ತೆ. ಆ ಏನೂ ಇಲ್ಲದ ಬಿಡುವಿನಲ್ಲಿ ಪ್ರತಿಸಲವೂ ಅವನು ಈಗ ಹೇಳುತ್ತೇನೆ ಎಂದುಕೊಳ್ಳುತ್ತಿದ್ದ. ಬಡಿತ ಶುರುವಾದೊಡನೆ, ಬದುಕಿಕೊಳ್ಳುತ್ತದೆ, ಬದುಕಿದರೆ ಹೇಳುವ ಅಗತ್ಯವೇ ಇಲ್ಲ ಎನ್ನಿಸುತ್ತಿತ್ತು. ಸಾಯುವುದಾದರೆ ಹೇಳಿ ಪ್ರಯೋಜನವಿಲ್ಲ, ಬದುಕುವುದಾದರೆ ಹೇಳಬೇಕಾಗಿಲ್ಲ. ಲೆಕ್ಕ ಎರಡು ಕಡೆಯಿಂದಲೂ ಸರಿಹೋಗುತ್ತಿತ್ತು. ಇಷ್ಟು ಚೆನ್ನಾಗಿ ಸರಿಹೋಗುವ ಲೆಕ್ಕದ ಒಳಗೆ ಒಬ್ಬ ನೀಚ ಕೂತಿದ್ದಾನೆ, ಅವನು ನಾನೇ ಎನ್ನುವುದೂ ಅವನಿಗೆ ತಿಳಿಯುತ್ತಿತ್ತು. ತಿಳಿಯುವುದರಿಂದ ಬಾಯಿ ತೆರೆಯುವುದಿಲ್ಲವಲ್ಲ. ಬಿಸಿಲು ಲಾಯದ ಹೊಸ್ತಿಲು ದಾಟಿ ಗೊರಸಿನವರೆಗೆ ಬಂದಾಗ ಕುದುರೆ ಒಮ್ಮೆ ಕತ್ತೆತ್ತಿತು, ಸಾರೋಟು ಕಟ್ಟಿದಾಗ ಎತ್ತುತ್ತಿದ್ದ ಹಾಗೆಯೇ. ಅಣ್ಣ "ಬಂದೆ, ಬಂದೆ" ಎಂದ. ತಲೆ ಅವನ ತೊಡೆಯ ಮೇಲೆ ವಾಪಸು ಬಿತ್ತು. ಇವನ ಅಂಗೈ ಕೆಳಗಿನ ಬಿಡುವು ಉದ್ದವಾಯಿತು, ಇನ್ನೂ ಉದ್ದವಾಯಿತು. ಅವನು ಕೈ ತೆಗೆಯದೆ ಕಾಯುತ್ತಲೇ ಇದ್ದ.

ಡಾಕ್ಟರು ಬಂದು ಕಣ್ಣಿನ ರೆಪ್ಪೆ ಎತ್ತಿ ನೋಡಿ, ಅಣ್ಣನ ಹೆಗಲ ಮೇಲೆ ಕೈಯಿಟ್ಟು, ಎದೆಯೇ ದುರ್ಬಲ ಇದ್ದಿರಬೇಕು, ಕೆಲವಕ್ಕೆ ಹಾಗಿರುತ್ತದೆ, ನೀವು ಮಾಡಬಹುದಾದದ್ದನ್ನೆಲ್ಲ ಮಾಡಿದ್ದೀರಿ ಎಂದರು. ನಾಳೆ ಬೆಳಿಗ್ಗೆ ವ್ಯಾನು ಬರುತ್ತದೆ ಎಂದು ಹೇಳಿ ಹೋದರು. ಮೀಸೆ ಬಂದು ನೋಡಿ, ಮನೆಗೆ ಹೋಗಿ ಕಂಬಳಿಯೊಂದನ್ನು ತಂದು ಹೊದಿಸಿದ. ಅತ್ತಿಗೆ ಚಹಾ ಮಾಡಲು ಒಳಗೆ ಹೋದಳು. ಹಿತ್ತಲಲ್ಲಿ ಅಣ್ಣ ತಮ್ಮ ಇಬ್ಬರೇ ಉಳಿದರು. ಬೆಳಕು ಇನ್ನೂ ಇತ್ತು, ಹಗ್ಗದ ಮೇಲೆ ಕಪ್ಪು ಕಲೆಯ ಟವೆಲ್ಲು ಒಣಗುತ್ತಿತ್ತು. ಅಣ್ಣ ಲಾಯದ ಹೊಸ್ತಿಲ ಮೇಲೆ ಕೂತು, ಬೂದು ಕೂದಲು ಅಂಟಿದ್ದ ಪ್ಯಾಂಟಿನ ಜೇಬಿನಿಂದ ಏನನ್ನೋ ತೆಗೆದು ಅಂಗೈ ಮೇಲೆ ಇಟ್ಟುಕೊಂಡ. ಇವನ ಕೈ ತನಗೆ ತಿಳಿಯದೆ ತನ್ನ ಅಂಗಿಯ ಜೇಬಿಗೆ ಹೋಯಿತು. ಇವನ ಎಲೆ ಅಲ್ಲೇ ಇತ್ತು. ಅಣ್ಣನ ಅಂಗೈಯಲ್ಲಿದ್ದದ್ದು ಅಂಥದ್ದೇ ಇನ್ನೊಂದು.

"ಇದು ಅವಳ ಕಾಲ ಹತ್ರ ಬಿದ್ದಿತ್ತು. ಡಾಕ್ಟ್ರು ಬರೋಕೆ ಮೊದಲೇ ಕಂಡಿತ್ತು ನಂಗೆ," ಎಂದ ಅಣ್ಣ. "ಅವತ್ತು ನೀನು ಪಾರ್ಕಲ್ಲಿ ತೋರಿಸಿದ್ದು ಹಸಿರಾಗಿತ್ತು. ಇದು ಒಣಗಿದೆ, ನಂಗೆ ಗುರುತು ಹತ್ತಲ್ಲ. ಡಾಕ್ಟ್ರಿಗೆ ತೋರಿಸೋಣ ಅಂತ ಕೈಗೆ ತಗೊಂಡಿದ್ದೆ. ಅಷ್ಟರಲ್ಲಿ ಅವರು ನಿನ್ನನ್ನೇ ಕೇಳಿದ್ರಲ್ಲ. ನೀನು ಇಲ್ಲ ಅಂದೆ. ಸರಿ, ಗಿಡದ ವಿಷಯ ಅವನಿಗೆ ತಿಳಿಯದ್ದಾ, ಅವನೇ ಇಲ್ಲ ಅಂದ್ಮೇಲೆ ಇದು ಬೇರೆ ಯಾವುದೋ ಎಲೆ ಅಂದ್ಕೊಂಡು ಜೇಬಿಗೆ ಹಾಕ್ಕೊಂಡೆ." ಅವನು ಎಲೆಯನ್ನು ಇವನ ಕಡೆ ಚಾಚಿದ. "ಬೇರೆ ತಾನೆ? ಯಾವುದಿದು?"

ಇಬ್ಬರೂ ಒಂದೇ ಹೊತ್ತಿಗೆ, ಒಂದೇ ಗಿಡದ ಎಲೆಯನ್ನು ಜೇಬಿನಲ್ಲಿಟ್ಟುಕೊಂಡು ಡಾಕ್ಟರ ಮುಂದೆ ನಿಂತಿದ್ದರು. ಒಬ್ಬ ಹೆದರಿ, ಇನ್ನೊಬ್ಬ ನಂಬಿ. ಅಣ್ಣನ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು. ಬೆಳಿಗ್ಗೆ ಡಾಕ್ಟರ ಮುಂದೆ ಇದ್ದ ಅದೇ ನೋಟ, ಅದರೊಳಗಿನ ಹೆಮ್ಮೆ ಮಾತ್ರ ಈಗ ಜೀವ ಕೈಯಲ್ಲಿ ಹಿಡಿದು ಕೂತಿತ್ತು. "ನೀಲಗಿರಿ ಎಲೆ" ಎಂದ ಇವನು. "ಪಾರ್ಕಲ್ಲಿ ದೊಡ್ಡ ಮರ ಇದೆಯಲ್ಲ, ಅದರದ್ದು." ಅಣ್ಣ ಎಲೆಯನ್ನು ಬೆರಳಲ್ಲಿ ಮುರಿದು ಮೂಗಿನ ಹತ್ತಿರ ಹಿಡಿದ. "ವಾಸನೆ ಬರ್ತಿಲ್ಲ?" "ಒಣಗಿದ್ರೆ ಹೋಗುತ್ತೆ." "ಹೌದಾ" ಎಂದು ಅಣ್ಣ ಇನ್ನೊಮ್ಮೆ ಮೂಸಿದ. "ನಿಂಗೆ ಗೊತ್ತಿರುತ್ತೆ." ಎಲೆಯ ಚೂರುಗಳನ್ನು ಕೆಳಗೆ ಉದುರಿಸಿ ಕೈ ಒರೆಸಿಕೊಂಡ. ಅವನ ಭುಜ ಕೊಂಚ ಇಳಿಯಿತು, ನಿರಾಳಕ್ಕೋ ದಣಿವಿಗೋ. ಆಮೇಲೆ ಅಟ್ಟದ ಕಡೆ ನೋಡಿ, "ಆ ಹೊರೆ ಇನ್ನು ಯಾಕೆ ನಮಗೆ? ಮೀಸೆಯ ಕುದುರೆಗೆ ಹಾಕಿ ಬಾ. ಕಂಬಳಿ ಕೊಟ್ಟಿದ್ದಾನೆ ಪಾಪ. ನೀನು ಒಣಗಿಸಿದ ಹುಲ್ಲು, ಹಾಳಾಗೋದು ಬೇಡ" ಎಂದ.

ಅವನು ಏಣಿ ಹತ್ತಿ ಹೊರೆ ಇಳಿಸಿದ. ಮೂಲೆಯ ಗೋಣಿಯನ್ನೂ ಅದರ ಮೇಲಿಟ್ಟು ತಲೆಗೆ ಎತ್ತಿಕೊಂಡ. ಒಳ್ಳೆಯ ಹುಲ್ಲು, ಬಿಸಿಲಿನ ವಾಸನೆ ಇನ್ನೂ ಇತ್ತು. ಅಣ್ಣ ಗೇಟಿನವರೆಗೆ ಬಂದು ಅಗುಳಿ ತೆಗೆದುಕೊಟ್ಟು, ಕಂಬಕ್ಕೆ ಒರಗಿ ನಿಂತ. ಮೀಸೆಯ ಮನೆ ಮೂರನೆಯದು, ಇಲ್ಲಿಂದ ಕಾಣುತ್ತದೆ. ನಡೆಯುವಾಗ ಅವನಿಗೆ ಸೊಪ್ಪು ಹೂತಿದ್ದ ಪಾರ್ಕಿನ ಗುಂಡಿಯೊಂದೇ ಕಣ್ಣ ಮುಂದಿತ್ತು; ಅಲ್ಲಿಗೆ ಹೋಗುವ ದಾರಿ ಮೀಸೆಯ ಗೇಟಿನ ಮುಂದೆಯೇ ಹಾದು ಹೋಗುತ್ತದೆ ಎನ್ನುವುದು ಗೇಟು ಹತ್ತಿರ ಬಂದ ಮೇಲೆ ಹೊಳೆಯಿತು. ಮೀಸೆಯ ಕೆಂಚು ಕುದುರೆ ಹುಲ್ಲಿನ ವಾಸನೆಗೆ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ, ಕಿವಿ ನಿಮಿರಿಸಿ, ಮೂಗಿನಲ್ಲಿ ಗುಟುರು ಹಾಕಿತು. ಅವನು ರಸ್ತೆಯ ಆಚೆ ಬದಿಗೆ ಸರಿದ. ನಿಲ್ಲಲಿಲ್ಲ. ಗೇಟು ಹಿಂದೆ ಬಿತ್ತು, ಆಮೇಲೆ ಗೋಡೆ, ಆಮೇಲೆ ಮುಂದಿನ ಮನೆ. ತಲೆಯ ಮೇಲೆ ಹೊರೆಯಿದ್ದುದರಿಂದ ತಿರುಗಿ ನೋಡುವಂತಿರಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ, ಅಣ್ಣ ಇನ್ನೂ ಕಂಬಕ್ಕೆ ಒರಗಿಯೇ ಇದ್ದಾನೆ, ತಮ್ಮ ಹುಲ್ಲು ಕೊಡದೆ ಮುಂದೆ ಹೋಗುತ್ತಿರುವುದನ್ನು ನೋಡುತ್ತಿದ್ದಾನೆ ಎಂದು ಬೆನ್ನಿಗೆ ಗೊತ್ತಾಗುತ್ತಿತ್ತು. ಈಗ ಕೂಗುತ್ತಾನೆ. ಎಲ್ಲಿಗೋ ಎನ್ನುತ್ತಾನೆ. ಅವನು ಹೆಜ್ಜೆ ನಿಧಾನ ಮಾಡಿ, ಕೂಗು ಬಂದರೆ ಕೇಳಿಸಲೆಂದು 'ವಾಸನೆ ಬರ್ತಿಲ್ಲ?' ಎಂದ ಆ ದನಿಗಾಗಿ ಕಿವಿಗೊಟ್ಟು ನಡೆದ. ತಿರುವು ಬಂತು. ಅಣ್ಣ ಕೂಗಲಿಲ್ಲ.